ಒಂದು ಸಿವುಡು ಮರೆವು

ಹೊಳೆಯ ದಂಡೆಯಲ್ಲಿ ಒಂದು ಊರು. ಆ ಊರಿನಲ್ಲಿ ಯೆಹೂದ್ಯರದೊಂದು ಸಣ್ಣ ಪ್ರಾರ್ಥನೆಯ ಮನೆ. ಪ್ರಾರ್ಥನೆಗೆ ಹತ್ತು ಮಂದಿ ಗಂಡಸರು ಕೂಡಬೇಕು ಎಂಬುದು ಅವರ ಕಟ್ಟಳೆ. ಊರಿನಲ್ಲಿ ಇದ್ದವರು ಹನ್ನೊಂದು ಮಂದಿ. ಹಾಗಾಗಿ ಅಲ್ಲಿ ದಿನಕ್ಕೆ ಒಬ್ಬನಿಗೆ ಮಾತ್ರ ನೆಗಡಿಯಾಗಲು ಅವಕಾಶವಿತ್ತು.

ಅವರೆಲ್ಲ ಗಾಣದ ಕಸುಬಿನವರು. ಶನಿವಾರ ಅವರಿಗೆ ದೇವರು ಕೊಟ್ಟ ರಜೆ, ಎತ್ತುಗಳಿಗೂ ರಜೆ. ಊರವರು ಅವರನ್ನು ಶನಿವಾರದ ಗಾಣಿಗರು ಎನ್ನುತ್ತಿದ್ದರು. ಊರಿನ ಉಳಿದ ಎತ್ತುಗಳೂ ಈ ಧರ್ಮಕ್ಕೆ ಸೇರಿಸಿಕೊಳ್ಳಿ ಎಂದು ಅವರ ಬಾಗಿಲಿಗೆ ಬಂದು ನಿಂತಿದ್ದವಂತೆ. ಸುಳ್ಳಿರಬಹುದು. ಆದರೆ ಎತ್ತುಗಳನ್ನು ಯಾರೂ ಕೇಳಿ ನೋಡಿಲ್ಲ.

ಶನಿವಾರ ಕೈಕಟ್ಟಿ ಕೂತವರು ಭಾನುವಾರ ಹೊಳೆಗೆ ಇಳಿಯುತ್ತಿದ್ದರು. ನೀರನ್ನು ಮುಚ್ಚಿದ ಅಂತರಗಂಗೆಯನ್ನು ಎಳೆದು ದಂಡೆಗೆ ಹಾಕುವುದು, ಕೆಸರಿನಲ್ಲಿ ಸಿಕ್ಕ ಕಸ ಆಯುವುದು, ಎಳೆದ ಅಂತರಗಂಗೆಯನ್ನು ಗೊಬ್ಬರದ ಗುಂಡಿಗೆ ತುಂಬುವುದು. ಊರವರು ಬಿಟ್ಟುಕೊಟ್ಟ ಪಾಳು ಹೊಲವೊಂದಿತ್ತು. ಅದಕ್ಕೆ ಆ ಗೊಬ್ಬರ ಹಾಕಿ ಭತ್ತ ಬೆಳೆಯುತ್ತಿದ್ದರು. ಭತ್ತ ಯಾರ ಮನೆಯಲ್ಲಿ ಒಲೆ ಉರಿಯದೋ ಆ ಮನೆಗೆ. ಅವರಲ್ಲಿ ಮರಗಳಿಗೂ ಒಂದು ಹೊಸ ವರ್ಷದ ಹಬ್ಬವಿದೆ. ಆ ದಿನ ಪ್ರತಿಯೊಬ್ಬನೂ ದಂಡೆಯಲ್ಲೊಂದು ಸಸಿ ನೆಡಬೇಕು.

ಇದನ್ನೆಲ್ಲ ಶುರು ಮಾಡಿದವರು ಅಲ್ಲಿನ ಗುರು, ರಬ್ಬಿ ಹಸ್ಕೇಲರು. ಶುರು ಮಾಡಿದ್ದು ಅವರೆಂಬುದು ಎಲ್ಲರಿಗೂ ಗೊತ್ತಿತ್ತು, ಅವರೊಬ್ಬರನ್ನು ಬಿಟ್ಟು.

ಯಾಕೆಂದರೆ ರಬ್ಬಿಯವರಿಗೆ ಮರೆವು. ಕನ್ನಡಕವನ್ನು ಹಣೆಯ ಮೇಲೆ ಇಟ್ಟುಕೊಂಡು ಕನ್ನಡಕ ಹುಡುಕುತ್ತಿದ್ದರು. ಒಮ್ಮೆ ಪಕ್ಕದ ಓಣಿಯವನೊಬ್ಬ ಬಂದು ಕಾಲಿಗೆ ಬಿದ್ದ.

"ಅಜ್ಜಾ, ನಮ್ಮವ್ವ ಜ್ವರದಾಗ ಮಲಗಿದಾಗ ವಾರಗಟ್ಟಲೆ ಬಂದು ಪಕ್ಕದಾಗ ಕುಂತಿದ್ರಿ. ಆ ಋಣ ಹೆಂಗ ತೀರಿಸಲಿ?"

"ನಾನು ಬಂದಿದ್ದೆನಾ?"

"ದಿನಾ ಬರ್ತಿದ್ರಿ!"

ರಬ್ಬಿಯವರು ಗಡ್ಡ ಕೆರೆದುಕೊಂಡರು. "ಊಟಕ್ಕೆ ಬಂದಿರಬೇಕು," ಎಂದರು.

ಅವರ ಶಿಷ್ಯ ಬಿನ್ಯಾಮೀನನಿಗೆ ಮಾತ್ರ ಯಾವುದೂ ಮರೆಯುತ್ತಿರಲಿಲ್ಲ.

ಧರ್ಮಗ್ರಂಥ ಅವನಿಗೆ ಬಾಯಿಪಾಠ. ಯಾರು ಯಾವ ಸಸಿ ನೆಟ್ಟರು, ಯಾರದು ಒಣಗಿತು, ಯಾರು ಹೊಳೆಯ ಕೆಲಸಕ್ಕೆ ಬೆನ್ನುನೋವು ಎಂದು ಹೇಳಿ ಮಾವನ ಮನೆಯ ಔತಣಕ್ಕೆ ಹೋದರು, ಎಲ್ಲವೂ ಬಾಯಿಪಾಠ. ಒಂದು ಭಾನುವಾರ ಅವನು ಕೆಸರಿನಿಂದ ಒಂದು ತಂಬಾಕಿನ ಚೀಟಿ ಎತ್ತಿದ. ನೆಟ್ಟಗೆ ಸಭೆಯ ಹಿರಿಯ, ಮುಕಾದಮ ಸಾಮಸೋನರ ಮನೆಗೆ ನಡೆದ.

"ಮುಕಾದಮರೇ, ಇದು ನಿಮ್ಮದು."

"ನನ್ನದು ಅಂತ ಹೆಸರು ಬರೆದಿದೆಯೇನೋ?"

"ಮಂಗಳವಾರ ಸಂಜೆ ದಂಡೆಯ ಹೊಂಗೆಮರದ ಕೆಳಗೆ ನಿಂತು ಎಡಗೈಯಲ್ಲಿ ಎಸೆದಿರಿ. ಬಲಗೈಯಲ್ಲಿ ಕೆರೆದುಕೊಳ್ತಿದ್ದಿರಿ."

"ಎಲ್ಲಿ ಅಂತ ಹೇಳಬೇಡಪ್ಪಾ, ಒಳಗೆ ಸೊಸೆ ಇದ್ದಾಳೆ!"

ಅಂದೇ ಮುಕಾದಮರು ರಬ್ಬಿಯವರ ಬಳಿ ಓಡಿದರು. "ಗುರುಗಳೇ, ಆ ಹುಡುಗ ಮಹಾ ಪಂಡಿತ. ಬೇಗ ಅವನನ್ನು ಗುರು ಮಾಡಿಬಿಡಿ. ಮಾಡಿ, ಬೇರೆ ಊರಿಗೆ ಕಳಿಸಿಬಿಡಿ."

ಬೇರೆ ಊರೂ ಸಿಕ್ಕಿತು. ಹೊಳೆಯ ಕೆಳಗಿನ ಊರಿನ ಸಭೆಗೆ ಗುರುಗಳಿರಲಿಲ್ಲ. ಅದು ಬಿನ್ಯಾಮೀನನ ಹುಟ್ಟೂರೇ. ಚಿಕ್ಕಂದಿನಲ್ಲಿ ಅವನನ್ನು ಇಲ್ಲಿಗೆ ಕಳಿಸುವಾಗ ಅವನ ತಾಯಿ, "ಗುರುವಾಗಿ ಬಾ. ಇಲ್ಲದಿದ್ದರೆ ಎಣ್ಣೆ ಮಾರೋಕಾದರೂ ಬಾ," ಎಂದಿದ್ದಳು. ಅದನ್ನೂ ಅವನು ಮರೆತಿರಲಿಲ್ಲ. ಎಣ್ಣೆ ಮಾರುವುದು ಅವನಿಗೆ ಬರುತ್ತಿರಲಿಲ್ಲ. ಹಳೆಯ ಚೌಕಾಶಿಗಳನ್ನೆಲ್ಲ ನೆನಪಿಸಿ ಗಿರಾಕಿಗಳನ್ನು ಓಡಿಸುತ್ತಿದ್ದ.

ಅವನು ಗುರುಗಳ ಮುಂದೆ ಬಂದು ನಿಂತ.

"ಗುರುಗಳೇ, ಕೊಯ್ಲು ಮುಗಿದ ಮರುದಿನ ಕೆಳಗಿನ ಊರಿನವರು ದೋಣಿ ಕಳಿಸ್ತಾರಂತೆ."

"ಯಾಕೆ, ನಮ್ಮ ದೋಣಿ ತೂತಾಗಿದೆಯಾ?"

"ನನ್ನನ್ನು ಕರೆದೊಯ್ಯಲಿಕ್ಕೆ. ಅದಕ್ಕೆ ಮೊದಲು ನೀವು ನನ್ನ ತಲೆಯ ಮೇಲೆ ಕೈಯಿಟ್ಟು ಗುರು ಅಂತ ಒಪ್ಪಬೇಕು. ಒಪ್ಪದಿದ್ದರೆ ದೋಣಿ ಖಾಲಿ ಹೋಗ್ತದೆ."

"ನೀನು ಸಿದ್ಧನೋ?"

"ಎಲ್ಲಾ ಮಾಡಿ ಮುಗಿಸಿದ್ದೇನೆ. ಹೊಲದ ಮೂಲೆಯನ್ನು ಕೊಯ್ಯದೆ ಬಡವರಿಗೆ ಬಿಟ್ಟಿದ್ದೇನೆ. ಉದುರಿದ ತೆನೆ ಆಯ್ದಿಲ್ಲ. ಹಣ್ಣಿನ ಮರಕ್ಕೆ ಕೊಡಲಿ ಹಾಕಿಲ್ಲ. ಎತ್ತಿಗೆ ಉಣಿಸದೆ ಉಂಡಿಲ್ಲ. ಯಾವುದೂ ಬಾಕಿ ಇಲ್ಲ."

"ಒಂದಿದೆ," ಎಂದರು ರಬ್ಬಿಯವರು.

ಬಿನ್ಯಾಮೀನ ಬೆರಳು ಮಡಿಸಿ ಮತ್ತೆ ಎಣಿಸಿದ. ತನಗೆ ನೆನಪಿಲ್ಲದ ಕಟ್ಟಳೆಯೊಂದು ಇದೆಯೇ?

"ಹೊಲದಲ್ಲಿ ಕೊಯ್ದ ಪೈರನ್ನು ಸಿವುಡು ಸಿವುಡಾಗಿ ಕಟ್ಟಿದ ಮೇಲೆ ಒಂದು ಸಿವುಡನ್ನು ಮರೆತು ಬಂದರೆ?"

"ಅದು ಪರದೇಶಿಗೆ, ತಬ್ಬಲಿಗೆ, ವಿಧವೆಗೆ ಸೇರಿದ್ದು," ಎಂದು ಬಿನ್ಯಾಮೀನ ಥಟ್ಟನೆ ಹೇಳಿದ. "ಗೊತ್ತಿದೆ."

"ಗೊತ್ತಿದೆ ಸರಿ. ಮಾಡಿದ್ದೀಯಾ?"

ಬಿನ್ಯಾಮೀನ ಒಂದೊಂದೇ ಕೊಯ್ಲನ್ನು ನೆನೆದು ನೋಡಿದ.

"ಮರೆತರಲ್ಲವೇ ಗುರುಗಳೇ, ಮಾಡೋದು? ನಾನು ಯಾವತ್ತೂ ಮರೆತಿಲ್ಲ."

"ಅದೇ ಬಾಕಿ. ಈ ಕೊಯ್ಲಿನಲ್ಲಿ ಒಂದು ಸಿವುಡು ಮರೆ. ಬಂದು ತಲೆ ಬಗ್ಗಿಸು."

"ಆದರೆ ಆ ಕಟ್ಟಳೆ ನಮ್ಮ ಹಿರಿಯರ ನಾಡಿನ ಹೊಲಗಳಿಗೆ. ಈ ನಾಡಿನ ಹೊಲಕ್ಕೆ ಅನ್ವಯಿಸೋದಿಲ್ಲ. ಗ್ರಂಥದಲ್ಲಿ..."

"ಹಸಿವೆ ಯಾವ ನಾಡಿನದಪ್ಪಾ?" ಎಂದು ಕೇಳಿ ರಬ್ಬಿಯವರು ಕನ್ನಡಕ ಹುಡುಕತೊಡಗಿದರು.

ಕೊಯ್ಲು ಶುರುವಾಯಿತು. ಎಲ್ಲರೂ ಕುಡುಗೋಲು ಹಿಡಿದು ಬಗ್ಗಿದರು. ಬಿನ್ಯಾಮೀನ ಸಿವುಡು ಕಟ್ಟುವವನು. ಕಟ್ಟಿದ್ದನ್ನು ಕಣಕ್ಕೆ ಹೊರುವವನೂ ಅವನೇ.

ಮೊದಲ ದಿನ ಒಂದು ಸಿವುಡನ್ನು ಹೊಂಗೆಮರದ ಹಿಂದೆ ನಿಲ್ಲಿಸಿ, ಆಕಾಶ ನೋಡುತ್ತ, ಸಿಳ್ಳೆ ಹಾಕುತ್ತ ಹೊರಟುಬಂದ.

"ಗುರುಗಳೇ, ಮರೆತೆ."

"ಏನನ್ನು?"

"ಒಂದು ಸಿವುಡು. ಹೊಂಗೆಮರದ ಹಿಂದೆ. ಸ್ವಲ್ಪ ಎಡಕ್ಕೆ ವಾಲಿದೆ. ಮೇಲೊಂದು ಮಿಡತೆ ಕೂತಿದೆ."

"ಇದಕ್ಕೆ ಮರೆವು ಅನ್ನೋದಿಲ್ಲ ಮಗನೇ. ಬಚ್ಚಿಡೋದು ಅಂತಾರೆ."

ಎರಡನೆಯ ದಿನ ಅವನು ಯೋಚನೆ ಮಾಡಿದ. ಅವರ ಪ್ರಾರ್ಥನೆಯ ಶಾಲಿನ ನಾಲ್ಕು ಮೂಲೆಗೂ ಗಂಟುಹಾಕಿದ ಕುಚ್ಚುಗಳಿರುತ್ತವೆ. ಅವನ್ನು ನೋಡಿ ದೇವರ ಆಜ್ಞೆಗಳನ್ನು ನೆನಪಿಟ್ಟುಕೊಳ್ಳಿ ಎಂದೇ ದೇವರು ಹೇಳಿದ್ದು. ಬಿನ್ಯಾಮೀನನ ಅಂಗಿಯೊಳಗಿನ ಬಟ್ಟೆಗೂ ಅಂಥ ಕುಚ್ಚುಗಳಿದ್ದವು, ಹಗಲೆಲ್ಲ ಸೊಂಟದ ಬಳಿ ತೂಗಾಡುತ್ತಿದ್ದವು. ತೊಂದರೆ ಕೊಡುವವು ಇವೇ ಎಂದುಕೊಂಡು ನಾಲ್ಕನ್ನೂ ಸೊಂಟಕ್ಕೆ ಸಿಕ್ಕಿಸಿ ಬಿಗಿಯಾಗಿ ಪಂಚೆ ಸುತ್ತಿದ.

ಮಧ್ಯಾಹ್ನದೊಳಗೆ ಕುಚ್ಚು ಚುಚ್ಚಿ ಚುಚ್ಚಿ, ಅವನಿಗೆ ದೇವರ ಆರುನೂರಹದಿಮೂರು ಆಜ್ಞೆಗಳೂ ಒಂದೊಂದಾಗಿ ನೆನಪಾದವು. ಅದರ ಜೊತೆ ಐದು ವರ್ಷದ ಹಿಂದೆ ಮುಕಾದಮರು ಒಣಗಿಸಿದ ಬೇವಿನ ಸಸಿಯೂ ನೆನಪಾಯಿತು. ಹೊಲದ ನಡುವೆಯೇ ಅದನ್ನು ಕೂಗಿ ಹೇಳಿದ. ಮುಕಾದಮರು ಕುಡುಗೋಲು ಬಿಸಾಕಿ ಬೆನ್ನುನೋವು ಎಂದು ಮನೆಗೆ ಹೋದರು.

ಮೂರನೆಯ ದಿನ ಅವನು ದುರುಗವ್ವನ ಗುಡಿಸಲಿಗೆ ಹೋದ.

ದುರುಗವ್ವ ಊರಿನ ಅಂಬಿಗರವಳು. ಹೊಲಕ್ಕೆ ತಾಗಿಯೇ, ಹೊಳೆಯ ಅಂಚಿನಲ್ಲಿ ಅವಳ ಗುಡಿಸಲು. ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಒಂದು ಹರಿಗೋಲು, ಒಂದು ಮೇಕೆ, ಒಂದು ನಾಲಿಗೆ. ಮೂರರಲ್ಲಿ ಮೊದಲಿನದು ಸೋರುತ್ತಿತ್ತು, ಎರಡನೆಯದು ಕಚ್ಚುತ್ತಿತ್ತು. ಮೂರನೆಯದು ಎರಡೂ ಮಾಡುತ್ತಿತ್ತು.

"ದುರುಗವ್ವಾ, ಒಂದು ಉಪಕಾರ ಮಾಡು. ಹೊಲದ ಒಂದು ಸಿವುಡನ್ನ ನನಗೆ ಗೊತ್ತಾಗದ ಹಾಗೆ ಎಲ್ಲಾದರೂ ಅಡಗಿಸು."

"ಯಾಕೋ ತಮ್ಮಾ, ತಲಿಗೆ ಬಿಸಲ ಹತ್ತೇತೇನು?"

"ನಾನು ಅದನ್ನ ಮರೀಬೇಕು. ಮರೆತ ಸಿವುಡು ವಿಧವೆಗೆ. ಅಂದರೆ ನಿನಗೇ."

ದುರುಗವ್ವ ಮೇಕೆಯ ಕಡೆ ತಿರುಗಿದಳು. "ಕೇಳಿದೇನ ಇವನ ಮಾತು? ಇವ ಮರೀತಾನಂತ! ನನ್ನ ಗಂಡನ ತಿಥಿ ದಿನದ ಊಟಕ್ಕ ಬಂದು, ಎಲಿ ಮುಂದ ಕುಂತು, ಹ್ವಾದ ವರ್ಷ ಭತ್ತ ಕೊಟ್ಟಾಗಿನ ಬುಟ್ಟಿ ವಾಪಸ್ ಬಂದಿಲ್ಲ ಅಂದಾವ ಇವ!"

"ಅದು ಸಭೆಯ ಬುಟ್ಟಿ, ದುರುಗವ್ವಾ. ಹಿಡಿ ಮುರಿದದ್ದು. ಇನ್ನೂ ಬಂದಿಲ್ಲ."

"ನೋಡು, ನೋಡು!" ಎಂದು ದುರುಗವ್ವ ಮೇಕೆಗೆ ಹೇಳಿದಳು. ಆಮೇಲೆ ಅವನಿಗೆ: "ನೀ ಕೊಟ್ಟ ಆಕಳ ಹಗ್ಗ ನಿನ್ನ ಕೈಯಾಗ ಇರತೈತಿ ತಮ್ಮಾ. ನಾ ಹಾಲು ಕರದಾಗೊಮ್ಮೆ ನೀ ಜಗ್ಗತಿ. ಅದಕ್ಕ ನಿನ್ನ ಕೈಲಿಂದ ನಾ ಒಂದು ಕಾಳೂ ಮುಟ್ಟೂದಿಲ್ಲ ಅಂದೀನಿ. ಹೋಗತ್ತಾಗ."

ಅವನು ಹೋಗಲಿಲ್ಲ. ಸಂಜೆಯವರೆಗೆ ಕಾಡಿದ. ಕಾಟ ತಾಳಲಾರದೆ ಅವಳು ಒಂದು ಸಿವುಡನ್ನು ಎಲ್ಲೋ ಅಡಗಿಸಿ ಬಂದಳು.

ಅವನು ಗುರುಗಳಲ್ಲಿಗೆ ಓಡಿದ. "ಗುರುಗಳೇ, ಒಂದು ಸಿವುಡು ಎಲ್ಲಿದೆ ಅಂತ ನನಗೆ ದೇವರಾಣೆಗೂ ಗೊತ್ತಿಲ್ಲ!"

"ಚಂದ್ರನಲ್ಲಿ ಏನಿದೆ ಅಂತ ಗೊತ್ತಾ?"

"ಇಲ್ಲ."

"ಹಾಗಾದರೆ ಚಂದ್ರನನ್ನೂ ಮರೆತೆಯಾ?"

ಗೊತ್ತಿಲ್ಲದಿರುವುದು ಬೇರೆ, ಮರೆಯುವುದು ಬೇರೆ. ಅಷ್ಟು ಬಿನ್ಯಾಮೀನನಿಗೂ ತಿಳಿಯಿತು. ಹೊಲವೆಲ್ಲ ಹುಡುಕಿ, ಕೊನೆಗೆ ದುರುಗವ್ವನ ಗುಡಿಸಲಿನ ಹಿಂದೆ ಹೋಗಿ, ಮೇಕೆಯ ಕೊಟ್ಟಿಗೆಯೊಳಗಿಂದ ಆ ಸಿವುಡನ್ನು ಕಷ್ಟಪಟ್ಟು ಹೊರತಂದ. ಹೊರಬರುವಷ್ಟರಲ್ಲಿ ಅದು ಅರ್ಧ ಸಿವುಡಾಗಿತ್ತು.

ಕೊಯ್ಲಿನ ಕೊನೆಯ ದಿನ ಬಂತು. ಬಿನ್ಯಾಮೀನ ಆಸೆ ಬಿಟ್ಟಿದ್ದ. ಮಾತಿಲ್ಲದೆ ಕಟ್ಟಿದ, ಮಾತಿಲ್ಲದೆ ಹೊತ್ತ. ಸಂಜೆ ಹೊಲದ ಅಂಚಿನಲ್ಲಿ ಕೊನೆಯ ಸಿವುಡು ಕಟ್ಟಿ ನಿಲ್ಲಿಸಿದ್ದನಷ್ಟೆ. ಹೊಳೆಯ ಕಡೆಯಿಂದ ಬೊಬ್ಬೆ ಕೇಳಿತು.

ದುರುಗವ್ವನ ಮೇಕೆ ಅಂತರಗಂಗೆಯನ್ನು ಹುಲ್ಲುಗಾವಲೆಂದು ತಿಳಿದು ಮೇಲೆ ಕಾಲಿಟ್ಟಿತ್ತು. ಹೂವೂ ಎಲೆಯೂ ಮೇಲೆ, ಮೇಕೆ ಕೆಳಗೆ. ಕಾಣುತ್ತಿದ್ದದ್ದು ಎರಡು ಕೊಂಬು.

ಬಿನ್ಯಾಮೀನ ಹಾರಿದ. ಕುತ್ತಿಗೆಯವರೆಗೆ ಕೆಸರು. ಮೇಕೆಯ ಹೊಟ್ಟೆಗೆ ಕೈಹಾಕಿ ಎಳೆದ. ಮೇಕೆ ಕೃತಜ್ಞತೆಯಿಂದ ಅವನ ಒಂದು ಕುಚ್ಚನ್ನು ಅಗಿದು ನುಂಗಿತು. ದಂಡೆ ಹತ್ತಿದಾಗ ಹೊತ್ತು ಮುಳುಗುತ್ತಿತ್ತು. ಪ್ರಾರ್ಥನೆಗೆ ತಡವಾಯಿತೆಂದು ಹಾಗೇ ಓಡಿದ.

ಪ್ರಾರ್ಥನೆಯ ಮನೆಯಲ್ಲಿ ಎಲ್ಲರೂ ಎದ್ದು ನಿಂತು ಮೌನವಾಗಿ ಪ್ರಾರ್ಥಿಸುವ ಹೊತ್ತು. ಅಲ್ಲಿ ಆಗ ಕೆಮ್ಮಿದರೂ ತಪ್ಪು.

"ಮರೆತೆ!" ಎಂದು ಬಿನ್ಯಾಮೀನ ಚೀರಿದ.

ಮುಕಾದಮರ ಟೊಪ್ಪಿಗೆ ಬಿತ್ತು.

"ಮರೆತೆ! ಮರೆತೆ! ಕೊನೆಯ ಸಿವುಡು! ನಿಜವಾಗಿ ಮರೆತೆ!" ಎನ್ನುತ್ತ ಬಾಗಿಲು ದಾಟಿ ಓಡಿಹೋದ.

ಪ್ರಾರ್ಥನೆ ಮುಗಿಯುವ ಹೊತ್ತಿಗೆ ತಿರುಗಿ ಬಂದ. ತಲೆಯ ಮೇಲೆ ಸಿವುಡು. ಮೈಯೆಲ್ಲ ಕೆಸರು. ಅಂಗಳದಲ್ಲಿ ಕುಣಿಯುತ್ತಿದ್ದ.

"ಗುರುಗಳೇ, ನೋಡಿ! ಇದೇ ನಾನು ಮರೆತದ್ದು! ಸಾಕ್ಷಿಗೆ ತಂದಿದ್ದೇನೆ!"

ರಬ್ಬಿಯವರು ಮೆಟ್ಟಿಲಿಳಿದು ಬಂದರು. ಸಿವುಡನ್ನು ಮುಟ್ಟಿ ನೋಡಿದರು. ಒಳ್ಳೆಯ ಭಾರದ ತೆನೆ.

"ಬಿನ್ಯಾಮೀನಾ, ಆ ಆಜ್ಞೆ ಪೂರ್ತಿ ಹೇಳು."

ಬಿನ್ಯಾಮೀನ ಎದೆಯುಬ್ಬಿಸಿ ರಾಗವಾಗಿ ಹೇಳಿದ: "ನೀನು ಹೊಲದ ಪೈರು ಕೊಯ್ಯುವಾಗ ಒಂದು ಸಿವುಡನ್ನು ಮರೆತುಬಂದರೆ, ಅದನ್ನು ತರುವುದಕ್ಕೆ ನೀನು ತಿರುಗಿ..."

ರಾಗ ನಿಂತಿತು.

"ತಿರುಗಿ?" ಎಂದರು ರಬ್ಬಿಯವರು.

"...ಹೋಗಬಾರದು," ಎಂದ ಬಿನ್ಯಾಮೀನ.

ಮುಕಾದಮ ಸಾಮಸೋನರು ನಗಲು ಶುರುಮಾಡಿದರು. ಕಂಬ ಹಿಡಿದು ನಕ್ಕರು, ಕಂಬ ಬಿಟ್ಟು ನಕ್ಕರು, ಬೆನ್ನುನೋವು ನಿಜವಾಗಿಯೇ ಬಂದು ಇಬ್ಬರು ಅವರನ್ನು ಮನೆಗೆ ಹೊತ್ತೊಯ್ಯಬೇಕಾಯಿತು.

ಬಿನ್ಯಾಮೀನನ ತಲೆಯ ಮೇಲೆ ಸಿವುಡು ಹಾಗೇ ಇತ್ತು. ಗುರುಗಳ ಕೈ ಇರಬೇಕಾದ ಜಾಗದಲ್ಲಿ.

"ನಾಳೆ ದೋಣಿ ಬರ್ತದೆ ಗುರುಗಳೇ."

"ಬರಲಿ. ನೀರಿದೆಯಲ್ಲ," ಎಂದು ರಬ್ಬಿಯವರು ಒಳಗೆ ಹೋದರು.

ಬೆಳಗಾಯಿತು. ಬಿನ್ಯಾಮೀನ ಸಿವುಡು ಹೊತ್ತು ಹೊಲಕ್ಕೆ ನಡೆದ. ತಂದದ್ದನ್ನು ಇದ್ದಲ್ಲೇ ಇಟ್ಟುಬರೋಣ ಎಂದುಕೊಂಡಿದ್ದ. ಇಟ್ಟರೆ ಮರೆತ ಹಾಗಾಗುವುದಿಲ್ಲ ಎಂಬುದೂ ಗೊತ್ತಿತ್ತು.

ಹೊಲದ ಅಂಚಿನಲ್ಲಿ ದುರುಗವ್ವ ನಿಂತಿದ್ದಳು. ಕೈಯಲ್ಲಿ ಹಗ್ಗ. ನೆಲ ನೋಡುತ್ತಿದ್ದಳು.

"ಏನು ಹುಡುಕ್ತಿದ್ದೀ ದುರುಗವ್ವಾ?"

"ಇಲ್ಲೊಂದು ಸಿವುಡಿತ್ತು. ನಿನ್ನೆ ಸಂಜಿಕೆ ಕಂಡೆ. ಯಾರೂ ಇಲ್ಲ, ಎಲ್ಲಾರೂ ಹ್ವಾದ್ರು. ಅದೊಂದು ಒಬ್ಬಂಟಿ ನಿಂತಿತ್ತು." ಅವಳ ದನಿ ಎಂದಿನಂತೆ ಚುಚ್ಚುವ ದನಿಯಾಗಿರಲಿಲ್ಲ. "ನನ್ನ ಗಂಡ ಸತ್ತ ಮ್ಯಾಲೆ ಯಾರೂ ಕೊಡದ ವಸ್ತು ಒಂದು ಸಿಕ್ಕಿತು ಅಂದುಕೊಂಡೆ. ಕೈಮುಗೀಬೇಕಾಗಿಲ್ಲ, ಯಾರ ಮುಖಾನೂ ನೋಡಬೇಕಾಗಿಲ್ಲ. ಮೇಕಿಗೂ ಹೇಳಿದೆ. ಹೊರಿ ಕಟ್ಟಾಕ ಹಗ್ಗ ತರಾಕ ಹ್ವಾದೆ, ಬರೂದ್ರಾಗ ಮಾಯ."

ಆಗ ಅವಳು ತಲೆಯೆತ್ತಿ ಅವನ ತಲೆಯ ಮೇಲಿದ್ದದ್ದನ್ನು ನೋಡಿದಳು.

ಬಿನ್ಯಾಮೀನನಿಗೆ ಗುರುಗಳ ಮುಂದೆ ಆದದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ತಗೋ ದುರುಗವ್ವಾ. ಇದು ನಿನ್ನದೇ."

"ಈಗ ಅದು ನಂದಲ್ಲ, ನೀ ಕೊಡಾಕಹತ್ತಿದ್ದು. ಬ್ಯಾಡ."

"ಸರಿ. ಇಲ್ಲೇ ಇಟ್ಟು ಹೋಗ್ತೇನೆ."

"ಇಟ್ಟು, ಇಟ್ಟದ್ದನ್ನ ನೆನಪಿಟ್ಟುಕೊಂಡು ಹೋಗತಿ. ಮುಂದಿನ ವರ್ಷ ನನ್ನ ಮನ್ಯಾಗ ಉಣ್ಣಾಕ ಕುಂತು ಹೇಳತಿ. ಬ್ಯಾಡ."

"ಹಾಗಾದರೆ ಏನು ಮಾಡಲಿ?"

"ನಂಗೇನ ಗೊತ್ತು? ನಿಮ್ಮ ದೇವರ ಕಟ್ಟಳಿ, ನಿಮ್ಮ ದೇವರನ್ನ ಕೇಳು. ನಂಗ ಕೆಲಸ ಐತಿ," ಎಂದು ಅವಳು ಹೊಳೆಗೆ ಇಳಿದಳು.

ಅವಳ ಗುಡಿಸಲಿನ ಮುಂದಿನ ನೀರು ಕಾಣುತ್ತಿರಲಿಲ್ಲ. ದಂಡೆಯ ಈ ತುದಿಯಿಂದ ಆ ತುದಿಯವರೆಗೂ ಹೊಳೆ ಸ್ವಚ್ಛವಾಗಿತ್ತು. ಅವಳ ಮೆಟ್ಟಿಲ ಮುಂದೆ ಮಾತ್ರ ಅಂತರಗಂಗೆ ಹೆಡೆಯೆತ್ತಿ ನಿಂತಿತ್ತು. ಹರಿಗೋಲು ಅದರ ನಡುವೆ ಸಿಕ್ಕಿಕೊಂಡಿತ್ತು. ದುರುಗವ್ವ ಒಂದೊಂದೇ ಗಿಡ ಕಿತ್ತು ದಂಡೆಗೆ ಎಸೆಯುತ್ತಿದ್ದಳು. ಕಿತ್ತದ್ದಕ್ಕಿಂತ ಹೆಚ್ಚು ಪಕ್ಕದಿಂದ ತೇಲಿಬಂದು ಕೂರುತ್ತಿತ್ತು.

"ಇದನ್ನ ನಾವು ತೆಗೀಬೇಕಿತ್ತು," ಎಂದ ಬಿನ್ಯಾಮೀನ.

"ಮತ್ತ ಯಾಕ ತಗೀಲಿಲ್ಲ?"

"ಮೂರು ವರ್ಷದ ಹಿಂದೆ ನಾವು ಬಂದಾಗ ನೀನೇ, ನನ್ನ ಮೆಟ್ಟಿಲಿಗೆ ಯಾರೂ ಕಾಲಿಡಬ್ಯಾಡ್ರಿ ಅಂದಿದ್ದೆ. ಆವತ್ತು ಕೈಯಲ್ಲಿ ಸೌಟು ಹಿಡಿದಿದ್ದೆ."

ದುರುಗವ್ವ ಸೊಂಟದ ಮೇಲೆ ಕೈಯಿಟ್ಟಳು. "ಆವತ್ತು ಯಾವುದಕ್ಕ ಸಿಟ್ಟು ಬಂದಿತ್ತು ನಂಗ?"

"ಅದು ನೀನು ಹೇಳಲಿಲ್ಲ."

"ನನ್ನ ಸಿಟ್ಟು ನಂಗ ನೆನಪಿಲ್ಲ. ನೀ ಯಾಕ ಮೂರು ವರ್ಷ ಹೊತಗೊಂಡು ತಿರಗಾಕಹತ್ತೀ?"

ಬಿನ್ಯಾಮೀನ ಸಿವುಡನ್ನು ಹೊಂಗೆಮರಕ್ಕೆ ಒರಗಿಸಿದ. ಪಂಚೆ ಮೇಲೆ ಕಟ್ಟಿ ನೀರಿಗಿಳಿದ.

"ಬುಡಕ್ಕ ಕೈ ಹಾಕಬ್ಯಾಡ. ಬಳ್ಳಿ ಹಿಡಿದು ಜಗ್ಗು," ಎಂದಳು ದುರುಗವ್ವ.

"ನನಗೆ ಗೊತ್ತು. ವರ್ಷಗಟ್ಟಲೆ ಎಳೆದಿದ್ದೇನೆ."

"ಎಳದಾವನ ಮಾರಿ ನೋಡು. ಜಾರಿ ಬೀಳತಿ."

ಅವನು ಜಾರಿ ಬಿದ್ದ.

ಅವಳು ನಕ್ಕಳು. ಎದ್ದು ನಿಂತ ಅವನ ತಲೆಯ ಮೇಲೆ ಒಂದು ನೀಲಿ ಹೂವು ಕೂತಿತ್ತು. ಅವಳು ಇನ್ನಷ್ಟು ನಕ್ಕಳು. ಸ್ವಲ್ಪ ಹೊತ್ತಿಗೆ ಅವನೂ ನಕ್ಕ.

ಅಂತರಗಂಗೆ ಚಾಪೆ ಚಾಪೆಯಾಗಿ ದಂಡೆಗೆ ಬಂತು. ಮೊದಲ ಚಾಪೆಯ ಕೆಳಗೆ ಒಂದು ಹಳೆಯ ಚಪ್ಪಲಿ, ಎರಡನೆಯದರ ಕೆಳಗೆ ಒಂದು ಆಮೆ. ಮೂರನೆಯದರ ಕೆಳಗಿಂದ ಹಿಡಿ ಮುರಿದ ಬುಟ್ಟಿಯೊಂದು ಎದ್ದಿತು.

ದುರುಗವ್ವ ಅದನ್ನು ಬೆನ್ನ ಹಿಂದೆ ಮರೆಮಾಡಿ ಅವನ ಮುಖ ನೋಡಿದಳು.

ಬಿನ್ಯಾಮೀನ ಆಮೆಯನ್ನು ನೋಡುತ್ತಿದ್ದ. "ಇದು ನಮ್ಮ ಮುಕಾದಮರ ಹಾಗೇ ಇದೆ ನೋಡು. ಮಾತಾಡಿಸಿದರೆ ತಲೆ ಒಳಗೆ," ಎಂದ.

ಅವಳು ನಗುವಿನ ಭರದಲ್ಲಿ ಬುಟ್ಟಿಯನ್ನು ಕೈಬಿಟ್ಟಳು. ಅದು ಅವನ ಕಣ್ಣೆದುರೇ ತೇಲಿಹೋಯಿತು. ಅವನು ಕೈಚಾಚಿ ಹಿಡಿದು, "ಇದರಲ್ಲಿ ಕಸ ತುಂಬೋಣ, ಅನುಕೂಲ," ಎಂದ. ಅಷ್ಟೇ ಎಂದ.

ಹೊತ್ತೇರಿತು. ನೀರು ಬಯಲಾಯಿತು. ಹರಿಗೋಲು ಬಿಡುಗಡೆಯಾಗಿ ಗಿರ್ರನೆ ಒಂದು ಸುತ್ತು ತಿರುಗಿತು. ದುರುಗವ್ವ ಒಳಗಿಂದ ಅಂಬಲಿ ತಂದಳು, ಮೇಲೊಂದು ಉಳ್ಳಾಗಡ್ಡಿ.

"ಕುಡಿ. ನಿಮ್ಮ ದೇವರು ಇದಕ್ಕ ಬ್ಯಾಡ ಅಂತಾನೇನು?"

"ಜೋಳ, ನೀರು, ಉಪ್ಪು. ಇದಕ್ಕೆ ಯಾವ ದೇವರೂ ಬೇಡ ಅನ್ನೋದಿಲ್ಲ."

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಅವಳು ಗಂಡನ ಸುದ್ದಿ ಹೇಳಿದಳು. ಮೀನು ಹಿಡಿಯುವಾಗ ಮೀನಿಗೇ ಜೋಗುಳ ಹಾಡುತ್ತಿದ್ದನಂತೆ. ಯಾವ ಜೋಗುಳ ಎಂದು ಇವನು ಕೇಳಿದ. ಅವಳು ಹಾಡಿದಳು. ಇವನು ಕಲಿತ. ಇವನ ರಾಗಕ್ಕೆ ಮೇಕೆ ಎದ್ದು ಆಚೆ ಹೋಯಿತು.

ಆಗ ದಾರಿಯಲ್ಲಿ ಮುಕಾದಮ ಸಾಮಸೋನರು ಕಂಡರು. ಒಂದು ಕೈ ಬೆನ್ನಿನ ಮೇಲೆ, ಒಂದು ಕೈ ಗಾಳಿಯಲ್ಲಿ.

"ಬಿನ್ಯಾಮೀನಾ! ಬೆಳಗ್ಗೆಯಿಂದ ಕೂತಿದ್ದಾರೆ ಮಾರಾಯಾ! ನಮ್ಮ ಮನೆಯ ಉಪ್ಪಿಟ್ಟೆಲ್ಲ ಮುಗೀತು! ದೋಣಿ! ದೋಣಿ!"

"ಯಾವ ದೋಣಿ?" ಎಂದು ಬಿನ್ಯಾಮೀನ ಕೇಳಿದ.

ಮುಕಾದಮರ ಕೈಯಿಂದ ತಂಬಾಕಿನ ಚೀಟಿ ಜಾರಿ ಬಿತ್ತು. ಬಗ್ಗಿ, ನರಳಿ, ಎತ್ತಿ ಜೇಬಿಗೆ ಹಾಕಿಕೊಂಡರು. ಆಮೇಲೆ ಅವನ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ.

ಬಿನ್ಯಾಮೀನ ಅಂಬಲಿಯ ಬಟ್ಟಲು ಇಟ್ಟು ಎದ್ದ. ದೋಣಿ, ತಾಯಿ, ಹುಟ್ಟೂರು, ಗುರುಗಳು ಎಲ್ಲವೂ ಒಮ್ಮೆಗೇ ನೆನಪಿಗೆ ಬಂದು ಅವನಿಗೆ ತಲೆ ಸುತ್ತಿತು. ಓಡಿದ. ಮುಕಾದಮರು ಹಿಂದೆ ಕುಂಟಿದರು.

ಹೊಳೆಯ ಕಟ್ಟೆಯ ಬಳಿ ದೋಣಿ ನಿಂತಿತ್ತು. ಕೆಳಗಿನ ಊರಿನ ಇಬ್ಬರು ಹಿರಿಯರು ಹುಟ್ಟು ಹಿಡಿದು ಹೊರಡುವುದೋ ಬೇಡವೋ ಎಂಬಂತೆ ಕೂತಿದ್ದರು. ರಬ್ಬಿಯವರು ಮೆಟ್ಟಿಲ ಮೇಲೆ ಕೂತು, ಹಣೆಯ ಮೇಲೆ ಕನ್ನಡಕವಿಟ್ಟುಕೊಂಡು ಹೊಳೆ ನೋಡುತ್ತಿದ್ದರು.

"ಎಲ್ಲಿದ್ದೆ?"

"ದುರುಗವ್ವನ ಮೆಟ್ಟಿಲಲ್ಲಿ, ಗುರುಗಳೇ."

"ಏನು ಮಾಡ್ತಿದ್ದೆ?"

ಬಿನ್ಯಾಮೀನ ಯೋಚಿಸಿದ. ಕಿವಿಯ ಮೇಲೆ ಅಂತರಗಂಗೆಯ ಬೇರೊಂದು ತೂಗುತ್ತಿತ್ತು.

"ಅಂಬಲಿ ಕುಡೀತಿದ್ದೆ."

ರಬ್ಬಿಯವರ ಕಣ್ಣು ಆ ಬೇರಿನ ಮೇಲೆ ಬಿತ್ತು. ಆಮೇಲೆ ಎದ್ದು ನಿಂತರು.

"ತಲೆ ಬಗ್ಗಿಸು."

"ಆದರೆ ಗುರುಗಳೇ, ನಾನು ಇನ್ನೂ..."

"ತಲೆ ಬಗ್ಗಿಸಪ್ಪಾ. ನನಗೂ ಉಪ್ಪಿಟ್ಟು ಸಿಕ್ಕಿಲ್ಲ."

ಬಿನ್ಯಾಮೀನ ತಲೆ ಬಗ್ಗಿಸಿದ. ಒದ್ದೆ ಕೂದಲ ಮೇಲೆ ಗುರುಗಳ ಕೈ ಬಂದು ಕೂತಿತು. ದೋಣಿಯವರು ಎದ್ದು ನಿಂತರು. ಮುಕಾದಮರು ಟೊಪ್ಪಿಗೆ ಸರಿಮಾಡಿಕೊಂಡರು.

ಆಗ ದೂರದ ದಂಡೆಯಿಂದ ಒಂದು ಸದ್ದು ಕೇಳತೊಡಗಿತು. ಯಾರೋ ಕಲ್ಲಿನ ಮೇಲೆ ಹದವಾಗಿ ಭತ್ತ ಬಡಿಯುತ್ತಿದ್ದರು. ಬಡಿತದ ಜೊತೆಗೆ ಒಂದು ಜೋಗುಳ.

ಬಿನ್ಯಾಮೀನ ಬೆಚ್ಚಿದ. "ಅಯ್ಯೋ, ಗುರುಗಳೇ! ಆ ಸಿವುಡು! ಹೊಂಗೆಮರಕ್ಕೆ ಒರಗಿಸಿ ಅಲ್ಲೇ..."

ಅವನ ಒಂದು ಕಾಲು ಆಗಲೇ ಅತ್ತ ತಿರುಗಿತ್ತು.

ತಲೆಯ ಮೇಲಿನ ಕೈ ಮೆಲ್ಲಗೆ ಒತ್ತಿತು.

"ಯಾವ ಸಿವುಡು?" ಎಂದರು ರಬ್ಬಿಯವರು.